ನಲವತ್ತೊಂದು ಪದ ತೆಗೆದವಳಿಗೆ

೨೧೯೭ನೇ ಇಸವಿ, ಬೇಗೆ ತಿಂಗಳು, ನಲವತ್ತನಾಲ್ಕನೇ ದಿನ
ವರದಾ ದಂಡೆ, ಹದಿನೇಳನೇ ನೆಲೆ

ನೀಲಗಂಗಾ ಬಾರ್ಕಿ ಅವರಿಗೆ,

ಈ ತಾರೀಕು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಅಂದುಕೊಳ್ಳಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಬೇಗೆ ತಿಂಗಳು ಇರಲಿಲ್ಲ. ಏಪ್ರಿಲಿನ ಕೊನೆಯ ಅರ್ಧ ಮತ್ತು ಇಡೀ ಮೇ ತಿಂಗಳು ಸೇರಿಸಿ ನಲವತ್ತಾರು ದಿನಕ್ಕೆ ನಾವು ಇಟ್ಟುಕೊಂಡ ಹೆಸರು ಅದು. ಆ ದಿನಗಳಲ್ಲಿ ಬೆಳಿಗ್ಗೆ ಎಂಟರ ಮೇಲೆ ಯಾರೂ ಹೊರಗೆ ಕಾಲಿಡುವುದಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಇದೊಂದಕ್ಕೆ ಮಾತ್ರ. ತಪ್ಪುಗಳೂ ಇರುತ್ತವೆ, ನಾನು ಸಾಲೆ ಪೂರ್ತಿ ಓದಿದವಳಲ್ಲ. ಪತ್ರ ಬರೆದುಕೊಡುವ ಯಂತ್ರ ನಮ್ಮ ನೆಲೆಯಲ್ಲೂ ಇದೆ. ಅದಕ್ಕೆ ಹೇಳಿ ನೋಡಿದೆ. ಅದು ನನ್ನ ಸಿಟ್ಟನ್ನೆಲ್ಲ ಸೋಸಿ ತೆಗೆದು, ಕೊನೆಗೆ ವಿನಂತಿ ಮಾತ್ರ ಉಳಿಸಿಕೊಟ್ಟಿತು. ಹಾಗಾಗಿ ಕೈಯಿಂದ ಬರೆಯುತ್ತಿದ್ದೇನೆ.

ನಾನು ಫಕ್ಕೀರವ್ವ. ನಿಮ್ಮ ಅಕ್ಕ ಅನ್ನಪೂರ್ಣ ಇದ್ದಾಳಲ್ಲ, ಅವಳ ಮಗಳ ಮಗಳು ಅಂತ ಎಣಿಸುತ್ತಾ ಬಂದರೆ ಏಳನೆಯವಳು ನಾನು. ಲೆಕ್ಕಕ್ಕೆ ನೀವು ನನಗೆ ಅಜ್ಜಿಯ ಅಜ್ಜಿಗೂ ಹಿಂದಿನವರು. ಆದರೆ ನೀವು ಈ ಪತ್ರ ಬಿಚ್ಚುವ ದಿನ ನಿಮಗೆ ಇಪ್ಪತ್ತನಾಲ್ಕು ವರ್ಷ, ನನಗೆ ಐವತ್ತೆಂಟು. ಮರ್ಯಾದೆಗೆ ಇಷ್ಟು ಸಾಲು ನೀವು ಅಂತ ಬರೆದೆ, ಸಾಕು. ಇನ್ನು ಮುಂದೆ ನೀನು. ಬೈಯುವಾಗ ನೀವು ಅನ್ನಲು ನನಗೆ ಬರುವುದಿಲ್ಲ.

ಹಿಂದಕ್ಕೆ ಹೋಗುವ ಅಂಚೆಗೆ ನಾವು ಹಿಂದಂಚೆ ಅನ್ನುತ್ತೇವೆ. ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಪತ್ರ. ಸತ್ತ ತಾಯಿಗೆ ಬರೆಯುವವರಿದ್ದಾರೆ, ಮದುವೆಗೆ ಮುಂಚಿನ ತಮಗೆ ತಾವೇ ಬರೆದುಕೊಳ್ಳುವವರಿದ್ದಾರೆ. ನಾನು ನನ್ನ ಗಂಡನಿಗೆ, ಅವನು ಮೇಲುಸೇತುವೆಯ ಕೆಲಸಕ್ಕೆ ಹೋಗಿ ತಿರುಗಿ ಬಾರದ ದಿನದ ಬೆಳಿಗ್ಗೆಗೆ ಬರೆಯಬೇಕೆಂದು ಇಪ್ಪತ್ತು ವರ್ಷ ಆ ಒಂದು ಪತ್ರವನ್ನು ಕಾಯ್ದಿಟ್ಟಿದ್ದೆ. ಅದನ್ನು ನಿನಗೆ ಖರ್ಚು ಮಾಡಬೇಕಾಯಿತು. ಇದನ್ನು ನೀನು ತಿಳಿದಿರಬೇಕು.

ಈಗ ನೀನು ಏನು ಮಾಡುತ್ತಿದ್ದೀ ಅಂತ ನನಗೆ ಗೊತ್ತು. ಧಾರವಾಡದ ಸಪ್ತಾಪುರದಲ್ಲಿ ಮೂವರು ಹುಡುಗಿಯರ ಒಂದು ಕೋಣೆ, ಕಿಟಕಿಯ ಪಕ್ಕದ ಮೇಜು. ಪರದೇಶದಲ್ಲಿ ಅಭಿವೃದ್ಧಿ ಅರ್ಥಶಾಸ್ತ್ರದ ಎಂ.ಎ. ಓದಲು ಅರ್ಜಿ ತುಂಬುತ್ತಿದ್ದೀ. ಫೀಸು, ವಿಮಾನ, ಊಟ, ಚಳಿಯ ಕೋಟು ಎಲ್ಲ ಅವರದೇ, ಪೂರ್ತಿ ಸ್ಕಾಲರ್‌ಶಿಪ್ಪು. ಇಂಗ್ಲಿಷ್ ಪರೀಕ್ಷೆ ಎರಡನೇ ಸಲಕ್ಕೆ ಪಾಸಾಗಿದೆ. ಶಿಫಾರಸು ಪತ್ರ ಕೊಡಬೇಕಿದ್ದ ಮೇಷ್ಟ್ರು ಆರು ವಾರ ಸತಾಯಿಸಿ, ಕೊನೆಗೆ ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ ಅಂದಿದ್ದಾರೆ. ಉಳಿದಿರುವುದು ಉದ್ದೇಶಪತ್ರ ಒಂದೇ, ನೀವೆಲ್ಲ ಎಸ್‌ಓಪಿ ಅನ್ನುವುದು. ಐನೂರು ಪದ ದಾಟುವ ಹಾಗಿಲ್ಲ. ನೀನು ಬರೆದದ್ದು ಐನೂರ ನಲವತ್ತೊಂದು ಇತ್ತು. ನಿನ್ನೆ ನಲವತ್ತೊಂದು ಪದ ತೆಗೆದುಹಾಕಿದೆ. ನಾಳಿದ್ದು ಸಂಜೆ ಕಳಿಸಬೇಕು.

ಆ ಐನೂರು ಪದ ನಮ್ಮ ನಾಲ್ಕನೇ ತರಗತಿಯ ಪಾಠ. ಮೊದಲು ಇಂಗ್ಲಿಷಿನಲ್ಲಿ, ಕೆಳಗೆ ಕನ್ನಡದಲ್ಲಿ, ಮೇಲೆ ನಿನ್ನ ಚಿತ್ರ. ಬಾಯಿಪಾಠ ಒಪ್ಪಿಸಬೇಕು. ‘ನಾನು ಹೊಳೆಬೂದಿಹಾಳ ಎಂಬ ಊರಿನವಳು. ಅಲ್ಲಿ ಹೆತ್ತ ಹೆಣ್ಣನ್ನು ಐದು ತಿಂಗಳು ಕತ್ತಲೆಯ ಕೋಣೆಯಲ್ಲಿ ಕೂಡಿಹಾಕುತ್ತಾರೆ.’ ಇಲ್ಲಿಯತನಕ ನನಗೆ ಬರುತ್ತಿತ್ತು. ಮುಂದಿನದು ನೆನಪಿಗೆ ನಿಲ್ಲುತ್ತಿರಲಿಲ್ಲ. ‘ಒಂದು ಹೆರಿಗೆಗೆ ನೂರ ಇಪ್ಪತ್ತನಾಲ್ಕು ದುಡಿಯುವ ದಿನಗಳು ನಷ್ಟವಾಗುತ್ತವೆ’ ಎಂಬಲ್ಲಿಗೆ ಬರುವಷ್ಟರಲ್ಲಿ ನಾಲಿಗೆ ಒಣಗುತ್ತಿತ್ತು. ಮೂರು ವರ್ಷ ಅದೇ ತರಗತಿಯಲ್ಲಿ ಕೂತೆ. ನಾಲ್ಕನೇ ವರ್ಷ ಗುರುಮಾತೆ ನನ್ನ ಅವ್ವನಿಗೆ, “ಇಕೀ ಕೈ ಛಲೋ ಅದಾವು, ತಲಿ ಬ್ಯಾಡ ಬಿಡ್ರಿ” ಅಂತ ಹೇಳಿ ನನ್ನನ್ನು ಹೂವಿನ ಕೆಲಸಕ್ಕೆ ಬರೆಸಿದರು. ಯಾವ ಪತ್ರದಿಂದ ನೀನು ಓದಲು ಹೋದೆಯೋ ಅದೇ ಪತ್ರದಿಂದ ನನ್ನ ಓದು ನಿಂತಿತು.

ಹೂವಿನ ಕೆಲಸ ಅಂದರೆ ನಿನಗೆ ಹೊಸದಲ್ಲ. ನಿನ್ನ ಅವ್ವ ಗಿರಿಜವ್ವ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಮಾಡುತ್ತಿದ್ದಳಲ್ಲ, ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಬೆರಳಿನಿಂದ ಮುಟ್ಟಿಸುವುದು, ಅದೇ. ನಿನ್ನ ಕಾಲದಲ್ಲಿ ಮೆಣಸಿನಕಾಯಿ, ಟೊಮ್ಯಾಟೊ, ಹತ್ತಿಯ ಬೀಜಕ್ಕಷ್ಟೇ ಇತ್ತು. ಈಗ ಜೇನುಹುಳ ಇಲ್ಲ. ಸೂರ್ಯಕಾಂತಿ, ಕುಂಬಳ, ಮಾವು, ನುಗ್ಗೆ, ಎಲ್ಲದಕ್ಕೂ ನಮ್ಮ ಬೆರಳೇ ಬೇಕು. ನೆರಳುಹೊಲ ಅಂತ ಚಾವಣಿ ಹೊದಿಸಿದ ಹೊಲಗಳಿವೆ. ಕೈಗೆ ಎಣಿಕೆಗವಸು ಹಾಕುತ್ತೇವೆ, ಎಷ್ಟು ಹೂ ಮುಟ್ಟಿದೆವು ಅಂತ ಅದು ತಾನೇ ಎಣಿಸಿ ಮೇಲಕ್ಕೆ ಕಳಿಸುತ್ತದೆ. ಊರು ಎಂಬ ಮಾತು ಈಗಿಲ್ಲ, ನೆಲೆಗಳಿವೆ, ಒಂದೊಂದಕ್ಕೂ ಸಂಖ್ಯೆ. ಎಲ್ಲಿ ಹೂವಿದೆಯೋ ಅಲ್ಲಿಗೆ ಕೈಗಳನ್ನು ಹಂಚುತ್ತಾರೆ. ತಾಯಿ ಒಂದು ನೆಲೆಯಲ್ಲಿ, ಮಗಳು ಇನ್ನೊಂದರಲ್ಲಿ. ಒಂದು ನೆಲೆಯಿಂದ ಇನ್ನೊಂದಕ್ಕೆ ಹೋಗಲು ಚೀಟಿ ಬೇಕು, ಚೀಟಿಗೆ ಕಾರಣ ಬೇಕು.

ಹೆತ್ತ ಹೆಣ್ಣಿಗೆ ಇಪ್ಪತ್ತಾರು ದಿನ. ಇಪ್ಪತ್ತೇಳನೇ ದಿನ ಬೆಳಿಗ್ಗೆ ನಾಲ್ಕಕ್ಕೆ ಅವಳ ಬಾಗಿಲಲ್ಲಿ ಒಂದು ಸೀಟಿ ಊದುತ್ತದೆ. ಅವಳು ಎದ್ದು ಗವಸು ಹಾಕಿಕೊಳ್ಳಬೇಕು, ಕೂಸು ತೊಟ್ಟಿಲುಸಾಲೆಗೆ ಹೋಗುತ್ತದೆ, ಸಂಜೆ ವಾಪಸ್ಸು ಬರುತ್ತದೆ. ಆ ಸೀಟಿಯ ಹೆಸರು ಏನು ಗೊತ್ತೇ? ನೀಲಗಂಗಾ. ಸರಕಾರ ಇಟ್ಟ ಹೆಸರು, ನಿನ್ನ ಗೌರವಕ್ಕೆ. ಹೆಂಗಸರು ಹೊಲದಲ್ಲಿ ಜಗಳ ಬಿದ್ದರೆ ಈಗ ಒಬ್ಬರಿಗೊಬ್ಬರು ಹಾಕಿಕೊಳ್ಳುವ ಶಾಪ, “ನಿನ್ನ ಮಗಳ ಬಾಗಿಲಾಗ ಹತ್ತನೇ ದಿನಾನ ನೀಲಗಂಗಾ ಊದಲಿ!” ಬಸುರಿ ಹೆಣ್ಣು ಸ್ವಲ್ಪ ಹೊತ್ತು ಹೆಚ್ಚಿಗೆ ಮಲಗಿದರೆ ಓರಗೆಯವರು, “ಮಲಕೋ ಯವ್ವಾ ಮಲಕೋ, ನೀಲಗಂಗಾ ಬರೂತನಕ ನಿಂದ ರಾಜ್ಯ” ಅಂತ ಚಾಷ್ಟಿ ಮಾಡುತ್ತಾರೆ. ನಿನ್ನ ಹೆಸರನ್ನು ನಮ್ಮಲ್ಲಿ ಯಾವ ಹೆಣ್ಣುಮಗುವಿಗೂ ಇಡುವುದಿಲ್ಲ.

ಈ ಇಪ್ಪತ್ತಾರು ಎಲ್ಲಿಂದ ಬಂತು ಅಂತ ಯಾರನ್ನು ಕೇಳಿದರೂ, ತಿಳಿದವರು ಲೆಕ್ಕ ಹಾಕಿದ್ದಾರೆ, ಹೆಣ್ಣಿನ ಮೈ ಚೇತರಿಸಿಕೊಳ್ಳಲು ಅಷ್ಟು ಸಾಕು ಅನ್ನುತ್ತಿದ್ದರು. ನಾನೂ ನಂಬಿದ್ದೆ. ನನಗೆ ಇಪ್ಪತ್ತಾರು ಸಾಲದೆ ಹೋದಾಗ ನನ್ನ ಮೈಯಲ್ಲೇ ಏನೋ ಐಬಿದೆ ಅಂದುಕೊಂಡು ಮೂವತ್ತು ವರ್ಷ ಒಳಗೊಳಗೇ ಹೆದರಿದ್ದೆ.

ಕರಡುಮನೆ ಅಂತ ಒಂದು ಇದೆ ನಮ್ಮಲ್ಲಿ. ನಿಮ್ಮ ಕಾಲದವರು ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಏನೇನು ಬರೆದು ಅಳಿಸಿದಿರೋ, ಯಾರ ಜೊತೆ ಏನೇನು ಮಾತಾಡಿದಿರೋ, ಎಲ್ಲವೂ ಎಲ್ಲೋ ಉಳಿದೇ ಇತ್ತು. ನೂರು ವರ್ಷ ದಾಟಿದ್ದನ್ನು ರಕ್ತಸಂಬಂಧಿಗಳಿಗೆ ತೆರೆದು ತೋರಿಸುತ್ತಾರೆ. ಹೋದ ತಿಂಗಳು ನಾನು ಅಲ್ಲಿ ಒಂಬತ್ತು ದಿನ ಕೂತು, ಅಕ್ಷರ ಅಕ್ಷರ ಕೂಡಿಸಿ ನಿನ್ನದನ್ನು ಓದಿದೆ. ಓದಲಾಗದ್ದನ್ನು ಕೇಳಿದೆ. ನಿನ್ನ ದನಿ ತೆಳುವಾಗಿದೆ, ಮಾತಿನ ನಡುವೆ ಬಹಳ ಉಸಿರು ತೆಗೆದುಕೊಳ್ಳುತ್ತೀ.

ನೀನು ಅವ್ವನಿಗೆ ಫೋನು ಹಚ್ಚಿ, ಅಕ್ಕ ಬಾಣಂತನಕ್ಕೆ ಬಂದ ಐದು ತಿಂಗಳಲ್ಲಿ ಪ್ಲಾಟಿನ ಕೆಲಸ ಎಷ್ಟು ದಿನ ಇತ್ತು ಅಂತ ಕೇಳಿದ್ದು ಅಲ್ಲಿದೆ. ನಿನ್ನ ಅವ್ವನಿಗೆ ರೇಗಿ ಹೋಗಿತ್ತು. “ಎಷ್ಟ್ ದಿನ ಅಂದ್ರ? ದಿನಾ ಇರತೈತಿ. ಸೋಮವಾರ, ಅಮಾಸಿ ಬಿಟ್ಟ ಎಲ್ಲಾ ದಿನ ಇರತೈತಿ. ಅವತ್ತ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲ, ಆಳೂ ಬರಂಗಿಲ್ಲ. ನಿಂಗ ಗೊತ್ತಿಲ್ಲೇನು? ಧಾರವಾಡಕ್ಕ ಹೋಗಿ ಸೋಮವಾರನೂ ಮರತಿ?” ನೀನು ನಗುತ್ತಾ ಕ್ಯಾಲೆಂಡರು ತೆಗೆದು ಎಣಿಸಿದೆ. ನೂರೈವತ್ತು ದಿನದಲ್ಲಿ ಸೋಮವಾರ ಇಪ್ಪತ್ತೊಂದು, ಅಮಾವಾಸ್ಯೆ ಐದು. ಒಟ್ಟು ಇಪ್ಪತ್ತಾರು. ಆ ದಿನಗಳಲ್ಲಿ ಹೇಗೂ ಯಾರೂ ದುಡಿಯುವುದಿಲ್ಲ, ಆದ್ದರಿಂದ ನಷ್ಟಕ್ಕೆ ಹಿಡಿಯಬಾರದು ಅಂತ ಕಳೆದೆ. ನೂರ ಇಪ್ಪತ್ತನಾಲ್ಕು ಉಳಿಯಿತು. ಪ್ರಾಮಾಣಿಕವಾದ ಲೆಕ್ಕವೇ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬರುವುದು.

ಯಾಕೆಂದರೆ ಆಮೇಲೆ ಆ ಸಂಖ್ಯೆ ನಿನ್ನ ಕೈಯಲ್ಲಿ ಉಳಿಯಲಿಲ್ಲ. ನಿನಗೆ ಸೀಟು ಸಿಕ್ಕಿತು, ಸ್ಕಾಲರ್‌ಶಿಪ್ಪೂ ಸಿಕ್ಕಿತು. ಆಯ್ಕೆ ಮಾಡಿದವರಲ್ಲಿ ಒಬ್ಬರಿಗೆ ನೂರ ಇಪ್ಪತ್ತನಾಲ್ಕು ಬಹಳ ಹಿಡಿಸಿತು. ನಿನ್ನ ಪ್ರಬಂಧದಲ್ಲಿ ಅದು ಹದಿನಾಲ್ಕು ಮನೆಯ ಸಂಖ್ಯೆಯಾಯಿತು, ಇನ್ನೊಬ್ಬರ ವರದಿಯಲ್ಲಿ ತಾಲ್ಲೂಕಿನದಾಯಿತು, ಮತ್ತೊಬ್ಬರ ಭಾಷಣದಲ್ಲಿ ದೇಶದ್ದಾಯಿತು. ಕಾಯಿದೆ ಬರೆಯಲು ಕೂತವರು ನೂರೈವತ್ತರಲ್ಲಿ ನೂರ ಇಪ್ಪತ್ತನಾಲ್ಕು ಕಳೆದರು. ನಷ್ಟವನ್ನೆಲ್ಲ ತೆಗೆದರೆ ಉಳಿಯುವುದೇ ಅಗತ್ಯ ಅಂದುಕೊಂಡರು. ಎತ್ತುಗಳ ರಜೆ ಬಾಣಂತಿಯ ಪಾಲಿಗೆ ಬಂತು. ಈಗ ಎತ್ತೂ ಇಲ್ಲ, ನೊಗವೂ ಇಲ್ಲ, ಸೋಮವಾರಕ್ಕೂ ಮಂಗಳವಾರಕ್ಕೂ ವ್ಯತ್ಯಾಸವಿಲ್ಲ. ಇಪ್ಪತ್ತಾರು ಮಾತ್ರ ಇದೆ. ಅರವತ್ತೊಂದನೇ ವಯಸ್ಸಿನಲ್ಲಿ ನೀನು, ನಾನು ಹೇಳಿದ್ದು ಹಾಗಲ್ಲ ಅಂತ ಒಂದು ಲೇಖನ ಬರೆದೆ. ಕರಡುಮನೆಯಲ್ಲಿ ಅದೂ ಇದೆ. ಅದನ್ನು ತೆರೆದವರ ಎಣಿಕೆ ಪಕ್ಕದಲ್ಲೇ ಇರುತ್ತದೆ. ನನಗಿಂತ ಮುಂಚೆ ಹನ್ನೊಂದು ಮಂದಿ.

ಆ ಲೇಖನಕ್ಕೆ ಮೂವತ್ತೇಳು ವರ್ಷ ತಡವಾಗಿತ್ತು. ನಿನ್ನೆ ನೀನು ತೆಗೆದುಹಾಕಿದ ಸಾಲುಗಳಲ್ಲಿ ಅದೇ ಮಾತು ಇತ್ತಲ್ಲ? ಕರಡುಮನೆಯಿಂದ ಅಂಗೈ ಮೇಲೆ ಬರೆದುಕೊಂಡು ಬಂದು ಕಾಗದಕ್ಕೆ ಇಳಿಸಿಟ್ಟಿದ್ದೆ, ಇಲ್ಲಿ ನಕಲು ಮಾಡುತ್ತೇನೆ. ‘ಆ ನೂರ ಇಪ್ಪತ್ತನಾಲ್ಕು ದಿನ ನನ್ನ ಅಕ್ಕ ನಿದ್ದೆ ಮಾಡಿದಳು. ಮದುವೆಯಾದ ಮೇಲೆ ಅವಳು ಅಷ್ಟು ನಿದ್ದೆ ಮಾಡಿದ್ದು ಅದೇ ಮೊದಲು. ಇದನ್ನು ನಷ್ಟವೆಂದು ಕರೆಯುವುದು ಸರಿಯೇ ಎಂದು ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲೆಂದೇ ಓದಬಯಸುತ್ತೇನೆ.’ ಇಂಗ್ಲಿಷಿನಲ್ಲಿ ನಲವತ್ತೊಂದು ಪದ. ಸಾಲೆ ಬಿಟ್ಟ ನನಗೂ ಇದು ಒಂದೇ ಸಲಕ್ಕೆ ಬಾಯಿಗೆ ಬಂತು.

ತೆಗೆಸಿದವಳು ತೇಜಸ್ವಿನಿ ಅಂತ ನಿನ್ನ ಸೀನಿಯರ್. ಮೈಸೂರಿನ ಕಡೆಯವಳು, ಎರಡು ವರ್ಷದ ಹಿಂದೆ ಅದೇ ಸ್ಕಾಲರ್‌ಶಿಪ್ಪಿನಲ್ಲಿ ಹೋದವಳು, ನಿನ್ನ ಕರಡನ್ನು ನೋಡಿಕೊಟ್ಟವಳು. ಅವಳ ದನಿಯನ್ನೂ ಕೇಳಿದೆ. “ಗೊತ್ತಿಲ್ಲ ಅಂತ ಯಾರಾದ್ರೂ ಎಸ್‌ಓಪಿಲಿ ಬರೀತಾರೇನೆ? ಒಂದೊಂದು ಅಪ್ಲಿಕೇಶನ್‌ಗೆ ಅವ್ರು ಕೊಡೋದೇ ಎರಡು ನಿಮಿಷ. ಅಕ್ಕ ಚೆನ್ನಾಗಿ ನಿದ್ದೆ ಮಾಡಿದ್ಲು ಅಂದ್ಬಿಟ್ರೆ ಪ್ರಾಬ್ಲಮ್ಮೇ ಇಲ್ವಲ್ಲ! ಪ್ರಾಬ್ಲಮ್ಮೇ ಇಲ್ದಿದ್ರೆ ನಿನ್ನ ಯಾಕೆ ಕರೆಸ್ಕೋತಾರೆ? ಮತ್ತೆ ಈ ‘ಮಲಗಿಸುತ್ತಾರೆ’ ಅನ್ನೋದು ವೀಕು ಕಣೇ. ಕೂಡಿಹಾಕ್ತಾರೆ ಅಂತ ಹಾಕು.” ನೀನು ಒಂದು ಗಳಿಗೆ ಸುಮ್ಮನಿದ್ದೆ. ಆಮೇಲೆ, “ಹೂಂ ಅಕ್ಕಾ” ಅಂದೆ. ಆ ಒಂದು ಗಳಿಗೆಯನ್ನು ನಾನು ನಾಲ್ಕು ಸಲ ತಿರುಗಿಸಿ ತಿರುಗಿಸಿ ಕೇಳಿದ್ದೇನೆ. ಏನಾದರೂ ಅಂತೀಯೇನೋ ಅಂತ ಪ್ರತಿ ಸಲವೂ ಕಾದೆ.

ಅನ್ನಪೂರ್ಣ ನಿನಗೆ ಫೋನಿನಲ್ಲಿ ಒಂದು ಮಾತು ಹೇಳಿ ಕಳಿಸಿದ್ದಳು, ನೆನಪಿದೆಯೇ? ಹಿಂದೆ ಕೂಸು ಅಳುವುದು ಕೇಳಿಸುತ್ತದೆ. “ಏ ನೀಲಾ, ನನ್ನ ಮ್ಯಾಲೆ ಏನರ ಬರಕೋ ನೀ, ಹೋಗಿ ಬಾ ಒಟ್ಟ. ಬೆಳ್ಳುಳ್ಳಿ ತಿನಿಸಿ ತಿನಿಸಿ ಕೊಂದ್ರು ಅಂತ ಬರಿ, ಕುಡಿಯಾಕ ನೀರ ಕೊಡಲಿಲ್ಲ ಅಂತ ಬರಿ, ಖರೇನ ಐತಿ. ಆದ್ರ ಅವ್ವನ ಹೆಸರ ಕೆಡಸಬ್ಯಾಡ ಮಾರಾಯ್ತಿ. ನಮ್ಮತ್ತಿ ಎರಡ ಸಲ ಕರಿಯಾಕ ಬಂದಿದ್ಲು, ಅವ್ವ ಕಳಸಲಿಲ್ಲ. ಕಳಿಸಿದ್ರ ನಾ ಇವತ್ತ ನಿನ್ನ ಕೂಡ ಮಾತಾಡಾಕ ಇರತಿದ್ನೋ ಇಲ್ಲೋ.” ಇದನ್ನು ಕೇಳಿ ನೀನು ಒಂದು ನಗುವ ಮುಖ ಕಳಿಸಿದೆ. ನಗುವ ಮುಖ! ನೀಲಗಂಗಾ, ಅವಳು ಸಾಲೆ ಬಿಟ್ಟು ಪ್ಲಾಟಿಗೆ ಹೋಗಿದ್ದಕ್ಕೆ ನೀನು ಕಾಲೇಜಿಗೆ ಹೋದೆ. ಅದನ್ನು ನೀನೇ ನಿನ್ನ ಪತ್ರದ ಎರಡನೇ ಪ್ಯಾರಾದಲ್ಲಿ ಬರೆದಿದ್ದೀ, ಚೆಂದ ಇಂಗ್ಲಿಷಿನಲ್ಲಿ.

ನ್ಯಾಯ ಹೇಳಬೇಕು, ಇಲ್ಲದಿದ್ದರೆ ನಾನೂ ನಿನ್ನಂತೆಯೇ ಆಗುತ್ತೇನೆ. ಆ ಕೋಣೆ ಒಳ್ಳೆಯದೇನೂ ಆಗಿರಲಿಲ್ಲ. ಕಿಟಕಿ ಮುಚ್ಚಿ, ಹೊರಸಿನ ಕೆಳಗೆ ಕೆಂಡ ಇಟ್ಟು, ಹೊಗೆಯಲ್ಲಿ ಕೂಸಿನ ಕಣ್ಣು ಕೆಂಪಾಗಿದ್ದ ಚಿತ್ರಗಳನ್ನು ನಾನು ಕರಡುಮನೆಯಲ್ಲಿ ನೋಡಿದ್ದೇನೆ. ಬಾಯಾರಿದವಳಿಗೆ ನೀರು ಕೊಡದೆ ಇರುವುದು ಎಂಥ ಉಪಚಾರ? ನಮ್ಮ ಸಾಲಿನಲ್ಲಿ ಹೂ ಮುಟ್ಟುವ ಚಂಬವ್ವ ಅಂತ ಒಬ್ಬಳಿದ್ದಾಳೆ. ಅವಳ ಮುಂದೆ ನಿನ್ನನ್ನು ಬೈದರೆ ಅವಳಿಗೆ ಆಗುವುದಿಲ್ಲ. “ಎಲ್ಲಾರ ಅವ್ವಗೋಳೂ ಗಿರಿಜವ್ವ ಇರಂಗಿಲ್ಲ. ನಮ್ಮವ್ವ ನನ್ನ ಮೂರನೇ ದಿನಕ್ಕ ಎಬ್ಬಸಾಕಿ. ಇಪ್ಪತ್ತಾರರ ಸಿಕ್ಕೂವು ನಂಗ, ನಿಮ್ಮಜ್ಜಿ ಪುಣ್ಯಾ” ಅನ್ನುತ್ತಾಳೆ. ಇದನ್ನು ಬರೆಯದೆ ಬಿಡಬಹುದಿತ್ತು, ಪತ್ರ ಬಿಗಿಯಾಗುತ್ತಿತ್ತು. ಬರೆದಿದ್ದೇನೆ. ನೀನೂ ಹೀಗೆ ಬರೆಯಬಹುದಿತ್ತು ಅಂತ ತೋರಿಸಲು ಬರೆದಿದ್ದೇನೆ.

ಈಗ ನನ್ನ ಮಗಳ ವಿಷಯ. ಅವಳು ಶಾಂಭವಿ. ಘಟಪ್ರಭಾ ದಂಡೆಯ ನಲವತ್ತನೇ ನೆಲೆಯಲ್ಲಿದ್ದಾಳೆ, ತಂಪುಗಾಡಿಯಲ್ಲಿ ಒಂದೂವರೆ ದಿನದ ದಾರಿ. ಮುಂದಿನ ತಿಂಗಳು ಹೆರಿಗೆ. ಚೊಚ್ಚಲು. ಎರಡು ಬಸಿರು ನಿಲ್ಲಲಿಲ್ಲ, ಇದು ನಿಂತಿದೆ. ರಕ್ತ ಕಡಿಮೆ, ಕಾಲು ಬಾತಿವೆ, ಬೆಳಿಗ್ಗೆ ಸಾಲಿನಲ್ಲಿ ಎರಡು ಸಲ ತಲೆಸುತ್ತಿ ಕೂತಿದ್ದಾಳೆ. ಅವಳ ಗಂಡ ಒಳ್ಳೆಯವನೇ, ಆದರೆ ಅವನಿಗೂ ಗವಸಿದೆ. ಇಪ್ಪತ್ತೇಳನೇ ಬೆಳಿಗ್ಗೆ ಅವಳು ಎದ್ದು ನಿಲ್ಲಲಾರಳು ಅಂತ ನನ್ನ ಹೊಟ್ಟೆ ಹೇಳುತ್ತದೆ. ನಾನು ಸುಮ್ಮಸುಮ್ಮನೆ ಹೆದರುವವಳು ಅಂತ ಎಲ್ಲರೂ ಅನ್ನುತ್ತಾರೆ. ಇರಬಹುದು. ಸುಮ್ಮನೆ ಹೆದರಿದ್ದು ಎಷ್ಟೋ ಸಲ ನಿಜವೂ ಆಗಿದೆ, ನನ್ನ ಗಂಡ ಆ ಬೆಳಿಗ್ಗೆ ಹೊರಟಾಗಲೂ ನಾನು ಹೆದರಿದ್ದೆ.

ಮಗಳಿಗೆ ತವರುಚೀಟಿ ಕೇಳಲು ಹೋದೆ. ಚೀಟಿ ಕೊಡುವ ಕಿಟಕಿಯಲ್ಲಿ ಶಿವಯೋಗಿ ಎಂಬುವನು ಕೂರುತ್ತಾನೆ, ನನಗೆ ಮಗನಾಗುವ ವಯಸ್ಸಿನವನು. ಮಗಳನ್ನು ಬಾಣಂತನಕ್ಕೆ ಕರಕೊಂಡು ಬರಬೇಕು ಅಂದೆ. “ಯವ್ವಾ, ಕರಕೊಂಡ ಬರಬೇಕು ಅನ್ನೂದು ಕಾರಣ ಅಲ್ಲಬೇ, ಆಸೆ. ಆಸೆಗೆ ಖಾನೆ ಇಲ್ಲ ಇದರಾಗ. ಇಪ್ಪತ್ತಾರಕ್ಕಿಂತ ಹೆಚ್ಚಿಗೆ ಬೇಕಂದ್ರ ಮುನ್ನೂರು ಪದದಾಗ ಕಾರಣ ಬರಕೊಂಡ ಬಾ” ಅಂದ. ಮುನ್ನೂರು ಪದ! ನಾನು ಮನೆಗೆ ಬಂದು ಐದು ದಿನ ಕೂತು ಬರೆದೆ. ಕಾಲು ಬಾತಿವೆ ಅಂತ ಬರೆದೆ, ವಾಪಸ್ಸು ಬಂತು. ಎರಡು ಬಸಿರು ಹೋಗಿವೆ ಅಂತ ಬರೆದೆ, ವಾಪಸ್ಸು ಬಂತು. ಮೂರನೇ ಸಲ, ನನ್ನ ಮಗಳಿಗೆ ಚಿಕ್ಕಂದಿನಿಂದ ಮೂರ್ಛೆರೋಗ, ತಲೆ ಸರಿ ಇಲ್ಲ, ಒಬ್ಬಳನ್ನೇ ಬಿಟ್ಟರೆ ಕೂಸನ್ನು ಎತ್ತಿ ಹಾಕುತ್ತಾಳೆ ಅಂತ ಬರೆದೆ. ಒಂದೇ ದಿನದಲ್ಲಿ ಮಂಜೂರು. ಐದು ತಿಂಗಳು! ಕುಣಿದುಬಿಟ್ಟೆ. ಎಲ್ಲಿಂದಲೋ ಅಂಟು, ಒಣಕೊಬ್ಬರಿ ಹೊಂದಿಸಿ ಉಂಡೆಗೆ ಸಾಮಾನು ಕೂಡಿಟ್ಟೆ.

ಆಮೇಲೆ ಶಾಂಭವಿಯ ಕರೆ ಬಂತು. ಅವಳ ನೆಲೆಗೆ ಅದರ ನಕಲು ಹೋಗಿತ್ತು. ತಲೆ ಸರಿ ಇಲ್ಲದ ತಾಯಿಯ ಕೂಸು ಹುಟ್ಟಿದ ದಿನದಿಂದ ಆರು ವರ್ಷದವರೆಗೆ ತೊಟ್ಟಿಲುಸಾಲೆಯದು, ರಾತ್ರಿಯೂ ಅಲ್ಲೇ. ನನಗೆ ಇದು ಗೊತ್ತಿರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತಂತೆ, ನಾನು ದೊಡ್ಡ ಅಕ್ಷರವನ್ನೇ ಕಷ್ಟಪಟ್ಟು ಓದುವವಳು. ಅವಳು ಮೊದಲು ಅಳಲಿಲ್ಲ. “ಯವ್ವಾ, ನಂಗ ಮೂರ್ಛೆ ಯಾವಾಗ ಬಂದಿತ್ತಬೇ? ಬರಿಯಾಕ ಬರಂಗಿಲ್ಲ ಬರಂಗಿಲ್ಲ ಅಂತಿದ್ದಿ, ಎಷ್ಟ ಛಂದ ಬರದೀಯಲ್ಲ! ಓದಿದ್ರ ನಂಗ ನನ್ನ ಮ್ಯಾಲೇ ಅಂಜಿಕಿ ಬಂತು” ಅಂದಳು. ಆಮೇಲೆ, “ಖಾಲಿ ಕೈಲೆ ತವರಿಗೆ ಬಂದು ನಾ ಏನ್ ಮಾಡ್ಲಿ?” ಅಂದಳು. ಅವಳೇ ಕರೆ ಇಟ್ಟಳು.

ಆದ್ದರಿಂದ ಮೇಲಿನವರ ಎದುರು ನಮ್ಮವರನ್ನು ದೀನರನ್ನಾಗಿ ನಿಲ್ಲಿಸುವಾಗ ಕೈ ಎಷ್ಟು ಸಲೀಸಾಗಿ ಓಡುತ್ತದೆ ಅಂತ ನನಗೂ ಗೊತ್ತಾಗಿದೆ. ಇದರಿಂದ ನಿನ್ನ ಮೇಲಿನ ಸಿಟ್ಟು ಇಳಿದಿದೆ ಅಂದುಕೊಳ್ಳಬೇಡ. ನಾನು ಸಾಲೆ ಬಿಟ್ಟವಳು, ಐವತ್ತೆಂಟರ ಮುದುಕಿ, ಕಿಟಕಿಯ ಮುಂದೆ ನಿಂತು ನಡುಗುವವಳು. ನೀನು ಓದಿದವಳು. ನಿನ್ನ ಬಳಿ ಸರಿಯಾದ ಮಾತು ಬರೆದೇ ಇತ್ತು. ನನ್ನ ಹತ್ತಿರ ಸುಳ್ಳು ಬಿಟ್ಟರೆ ಬೇರೆ ಇರಲಿಲ್ಲ, ನಿನ್ನ ಹತ್ತಿರ ನಿಜವಿತ್ತು, ನೀನು ಅದನ್ನು ಉದ್ದವಾಯಿತು ಅಂತ ತೆಗೆದೆ.

ಮಂಜೂರಾದ ಚೀಟಿಯನ್ನು ಬೇಗೆ ತಿಂಗಳು ಮುಗಿಯುವುದರೊಳಗೆ ವಾಪಸ್ಸು ಮಾಡಬಹುದು. ಇನ್ನು ಎರಡು ದಿನವಿದೆ. ನಾಳೆ ಬೆಳಿಗ್ಗೆ ಹೋಗಿ ವಾಪಸ್ಸು ಮಾಡುತ್ತೇನೆ. ಜೊತೆಗೆ ನನ್ನ ಹೆಸರನ್ನು ಕೈಬದಲಿಗೆ ಬರೆಸುತ್ತೇನೆ. ಅಂದರೆ ಇಲ್ಲಿನ ನನ್ನ ಕೋಣೆ ಬಿಟ್ಟು, ನಲವತ್ತನೇ ನೆಲೆಯ ಹೊಲಕ್ಕೆ ಕೂಲಿಯಾಗಿ ಹೋಗುವುದು. ಹೋದವರು ತಿರುಗಿ ಬರುವ ಹಾಗಿಲ್ಲ. ವಯಸ್ಸಾದವರನ್ನು ಅಲ್ಲಿ ದೊಡ್ಡಿಯಂಥ ಶೆಡ್ಡಿನಲ್ಲಿ ಸಾಲಾಗಿ ಮಲಗಿಸುತ್ತಾರಂತೆ, ನನಗೆ ಅಪರಿಚಿತರ ನಡುವೆ ನಿದ್ದೆ ಹತ್ತುವುದಿಲ್ಲ, ನೀರು ಬದಲಾದರೆ ಹೊಟ್ಟೆ ಕೆಡುತ್ತದೆ. ಇರಲಿ. ಇಪ್ಪತ್ತೇಳನೇ ದಿನ ಸೀಟಿ ಊದಿದಾಗ ಅವಳ ಗವಸನ್ನು ನಾನು ಹಾಕಿಕೊಂಡು ಅವಳ ಸಾಲಿಗೆ ಇಳಿಯುತ್ತೇನೆ, ಅದು ಮುಗಿದ ಮೇಲೆ ನನ್ನ ಸಾಲಿಗೆ. ಇನ್ನೊಬ್ಬರ ಗವಸು ಹಾಕುವುದನ್ನು ಕೈಗಳವು ಅನ್ನುತ್ತಾರೆ, ಸಿಕ್ಕಿಬಿದ್ದರೆ ಶಿಕ್ಷೆಯಿದೆ. ಹಿಂದಂಚೆಯನ್ನು ಇಲ್ಲಿ ಯಾರೂ ತೆರೆಯುವ ಹಾಗಿಲ್ಲ, ಅದಕ್ಕೆ ಧೈರ್ಯವಾಗಿ ಬರೆದೆ. ಎಷ್ಟು ದಿನ ನಡೆಯುತ್ತದೋ ತಿಳಿಯದು. ನೂರ ಇಪ್ಪತ್ತನಾಲ್ಕು ದಿನ ನಡೆಯಲಾರದು, ಅಷ್ಟು ಲೆಕ್ಕ ನನಗೂ ಬರುತ್ತದೆ.

ಹೋಗಬೇಡ ಅಂತ ನಿನಗೆ ಹೇಳುತ್ತಿಲ್ಲ. ಹೋಗು, ಓದು, ಕೋಟು ಹಾಕಿಕೋ. ನಿನ್ನ ಕೊನೆಯ ಪ್ಯಾರಾದಲ್ಲಿ ಆ ವಿಶ್ವವಿದ್ಯಾಲಯವನ್ನು ಹೊಗಳಿದ ಒಂದು ಸಾಲಿದೆ. ಅವರ ಪರಂಪರೆ, ಅವರ ಕೀರ್ತಿ, ಅಲ್ಲಿ ಕಲಿಯುವುದು ತನ್ನ ಬಾಲ್ಯದ ಕನಸು ಅಂತೆಲ್ಲ. ಎಣಿಸಿದ್ದೇನೆ, ಇಂಗ್ಲಿಷಿನಲ್ಲಿ ನಲವತ್ತಮೂರು ಪದ. ಬಾಲ್ಯದಲ್ಲಿ ನಿನಗೆ ಅದರ ಹೆಸರೂ ಗೊತ್ತಿರಲಿಲ್ಲ. ಅದನ್ನು ತೆಗೆ. ತಾವು ದೊಡ್ಡವರು ಅಂತ ಅವರಿಗೆ ಗೊತ್ತೇ ಇದೆ. ಆ ಜಾಗದಲ್ಲಿ ನಿನ್ನೆ ತೆಗೆದ ನಲವತ್ತೊಂದನ್ನು ಇಡು. ಎರಡು ಪದ ಉಳಿಯುತ್ತವೆ, ಏನು ಬೇಕಾದರೂ ಮಾಡಿಕೋ. ಹಾಗೆ ಕಳಿಸಿದರೆ ನಿನಗೆ ಸೀಟು ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಸಿಗದಿದ್ದರೆ ನನಗೇನೂ ಬೇಜಾರಿಲ್ಲ. ಕ್ಷಮಿಸುವ ಮಾತನ್ನು ನನ್ನಿಂದ ನಿರೀಕ್ಷಿಸಬೇಡ, ಅದನ್ನು ಹೇಳಬೇಕಾದವಳು ಶಾಂಭವಿ, ನಿನಗೂ ನನಗೂ ಇಬ್ಬರಿಗೂ.

ನಾಳೆ ಏಳು ಗಂಟೆಗೆ ಕಿಟಕಿ ತೆರೆಯುತ್ತದೆ. ನಾನು ಹೋಗಿ ನಿಂತು, ಮಗಳಿಗೆ ನೀಲಗಂಗಾ ಯಾವತ್ತು ಅಂತ ಶಿವಯೋಗಿಯನ್ನು ಕೇಳುತ್ತೇನೆ. ಅವನು ತಲೆ ಎತ್ತದೆ, ಇಪ್ಪತ್ತೇಳನೇ ದಿನ, ಎಷ್ಟು ಸಲ ಹೇಳಬೇಕು ಅಂದರೆ, ನೀನು ಈ ಪತ್ರವನ್ನು ಓದಿ ಮಡಿಚಿಟ್ಟು ನಿನ್ನ ಅರ್ಜಿಯನ್ನು ಇದ್ದ ಹಾಗೇ ಕಳಿಸಿದ್ದೀ ಅಂತ ತಿಳಿದು, ಚೀಟಿ ವಾಪಸ್ಸು ಕೊಟ್ಟು ನನ್ನ ಗಂಟು ಹೊತ್ತುಕೊಂಡು ಹೊರಡುತ್ತೇನೆ. ಅವನು ತಲೆ ಎತ್ತಿ ನನ್ನ ಮುಖ ನೋಡಿ, “ಯಾವ ನೀಲಗಂಗಾಬೇ?” ಅಂತ ಕೇಳಿದರೆ, ನೀನು ಆ ನಲವತ್ತೊಂದನ್ನು ಇಟ್ಟು ಕಳಿಸಿದ್ದೀ, ಆ ಸೀಟಿ ಹುಟ್ಟಲೇ ಇಲ್ಲ. ಆಗ ನಾನೇಕೆ ಅಲ್ಲಿ ನಿಂತಿದ್ದೇನೆ ಅಂತ ನನಗೂ ನೆನಪಿಲ್ಲದೆ ಹೋದರೂ ಅಡ್ಡಿಯಿಲ್ಲ. ಏನೂ ಇಲ್ಲಪ್ಪಾ ಅಂತ ಹೇಳಿ ಮನೆಗೆ ತಿರುಗುತ್ತೇನೆ. ಒಳಗೆ ಮಗಳು ಮಲಗಿರುತ್ತಾಳೆ.

ಅನ್ನಪೂರ್ಣೆಯ ವಂಶದ
ಫಕ್ಕೀರವ್ವ